ಎರಡು ಕುರಿ ತೂಕ

ಬೈರೇಶ ಡಾಕ್ಟರೇ ಹೌದು, ಅದರಲ್ಲಿ ಯಾರಿಗೂ ಅನುಮಾನ ಬೇಡ. ಎಂಬಿಬಿಎಸ್ ಮುಗಿಸಿ, ಅದರ ಮೇಲೆ ಔಷಧಶಾಸ್ತ್ರದಲ್ಲಿ ಎಂಡಿ ಮಾಡಿ, ಬಿಡದಿಯ ಒಂದು ಔಷಧಿ ಕಂಪನಿಯ ಎ.ಸಿ. ಕೋಣೆಯಲ್ಲಿ ಕೂರುತ್ತಿದ್ದ. ರಾಮನಗರದಲ್ಲಿ ಸ್ವಂತ ಮನೆ, ಬಾಗಿಲ ಮೇಲೆ ಹಿತ್ತಾಳೆ ಅಕ್ಷರದಲ್ಲಿ ಡಾ. ಬೈರೇಶ್. ಇಷ್ಟೆಲ್ಲ ಇದ್ದೂ, ಹಟ್ಟಿಯಲ್ಲಿದ್ದ ಅವನ ಹೆತ್ತವ್ವ ತಿಮ್ಮಮ್ಮನಿಗೆ ಒಂದು ಕೆಮ್ಮು ಬಂದರೆ ಅವಳು ಬಸ್ಸು ಹತ್ತಿ ಸೋಲೂರಿನ ಮುತ್ತುರಾಜುವಿನ ಕ್ಲಿನಿಕ್ಕಿಗೆ ಹೋಗುತ್ತಿದ್ದಳು. ಮಗ ಭಾನುವಾರ ಊರಿಗೆ ಬಂದು ಜಗಲಿಯ ಮೇಲೆ ಕೂತಿದ್ದರೂ ಅವನ ಮುಂದೆಯೇ ಸೆರಗು ಕೊಡವಿಕೊಂಡು ಹೊರಡುತ್ತಿದ್ದಳು.

"ನಾನಿಲ್ವೇನವ್ವ ಮನೇಲಿ?" ಎಂದು ಅವನು ಒಮ್ಮೆ ಕೇಳಿಯೇಬಿಟ್ಟ.

"ಇದ್ದೀಯಪ್ಪ, ಯಾರು ಇಲ್ಲ ಅಂದ್ರು? ಆದ್ರೆ ನೀನು ಕಂಪ್ನಿ ಡಾಕ್ಟ್ರು. ಕೆಮ್ಮು ಬಂದಿರಾದು ನಂಗೆ, ಕಂಪ್ನಿಗಲ್ವಲ್ಲ."

ತಿಮ್ಮಮ್ಮ ಇದನ್ನು ಕುಹಕದಿಂದ ಹೇಳಿದವಳಲ್ಲ. ಕುಹಕವಾಗಿದ್ದರೆ ಬೈರೇಶ ಜಗಳವಾಡಿ ಹಗುರಾಗುತ್ತಿದ್ದ. ಅವಳು ನಂಬಿದ್ದನ್ನೇ ಹೇಳಿದ್ದಳು, ಅದಕ್ಕೇ ಆ ಮಾತು ಅವನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು.

ಮುತ್ತುರಾಜು ಬೇರೆ ಯಾರೋ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಅವನು ಸೋದರತ್ತೆ ಚಿನ್ನಮ್ಮನ ಮಗ. ಇಬ್ಬರೂ ಒಂದೇ ವರ್ಷ ಹುಟ್ಟಿದವರು, ಒಂದೇ ಕುರಿಮಂದೆಯ ಹಿಂದೆ ಓಡಿದವರು, ಒಂದೇ ಮೆಡಿಕಲ್ ಕಾಲೇಜಿನಲ್ಲಿ ಓದಿದವರು. ಪರೀಕ್ಷೆಯಲ್ಲಿ ಯಾವಾಗಲೂ ಬೈರೇಶನೇ ಮುಂದು. ಮುತ್ತುರಾಜು ಎಂಬಿಬಿಎಸ್ಸಿಗೇ ಸಾಕು ಮಾಡಿ ಸೋಲೂರು ಬಸ್ ನಿಲ್ದಾಣದ ಬಳಿ ಬಾಡಿಗೆ ಮಳಿಗೆಯೊಂದರಲ್ಲಿ ಕುರ್ಚಿ ಹಾಕಿಕೊಂಡ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ಒಪ್ಪೋಣ. ಮುತ್ತುರಾಜುವೂ ಅದೇ ಹಿತ್ತಲಿನ ಗಿಡ ತಾನೆ? ಅವನು ಮಾತ್ರ ಹೇಗೆ ಮದ್ದಾದ? ಬೈರೇಶ ಈ ಪ್ರಶ್ನೆಯನ್ನು ಸ್ನಾನ ಮಾಡುವಾಗ ಕೇಳಿಕೊಳ್ಳುತ್ತಿದ್ದ, ಕಾರು ಓಡಿಸುವಾಗ ಕೇಳಿಕೊಳ್ಳುತ್ತಿದ್ದ, ಹೆಂಡತಿ ಶಿವಲಕ್ಷ್ಮಿಯ ಹತ್ತಿರ ಎಷ್ಟು ಸಲ ಕೇಳಿದ್ದನೆಂದರೆ, ಅವಳು "ಅವರ ಫೋಟೋ ತಂದು ದೇವರಮನೇಲಿ ಇಟ್ಟುಬಿಡಿ, ದಿನಾ ನೆನೆಯೋದಂತೂ ಇದ್ದೇ ಇದೆ" ಎಂದು ಎದ್ದು ಹೋಗಿದ್ದಳು.

ಬೈರೇಶನ ಕೆಲಸ ಸಣ್ಣದೇನಲ್ಲ. ಕಂಪನಿಯ ಮಾತ್ರೆ ನುಂಗಿದವರಿಗೆ ಎಲ್ಲಾದರೂ ಏನಾದರೂ ತೊಂದರೆಯಾದರೆ ಆ ಸುದ್ದಿ ಅವನ ಮೇಜಿಗೆ ಬರುತ್ತದೆ. ಕನಕಪುರದಲ್ಲಿ ಒಬ್ಬರಿಗೆ ಮೈಯೆಲ್ಲ ದದ್ದು, ಚನ್ನಪಟ್ಟಣದಲ್ಲಿ ಇನ್ನೊಬ್ಬರಿಗೆ ತಲೆಸುತ್ತು. ಅದು ಮಾತ್ರೆಯಿಂದಲೇ ಆದದ್ದೋ, ಕಾಯಿಲೆಯಿಂದಲೋ, ಕೊಟ್ಟ ಡಾಕ್ಟರ ತಪ್ಪಿನಿಂದಲೋ ಎಂದು ಅಳೆದು ತೂಗಿ ಹೇಳಬೇಕಾದವನು ಅವನು. ಅವನ ಒಂದು ಮಾತಿನಿಂದ ಒಂದು ಔಷಧಿ ಇಡೀ ದೇಶದ ಅಂಗಡಿಗಳಿಂದ ವಾಪಸ್ಸು ಬಂದದ್ದುಂಟು. ಆದರೆ ಇದನ್ನು ಹಟ್ಟಿಯವರಿಗೆ ವಿವರಿಸಲು ಹೋದಾಗಲೆಲ್ಲ ಯಾರಾದರೊಬ್ಬರು, "ಓಹೋ, ಟೈ ಕಟ್ಕಂಡು ಬ್ಯಾಗ್ ಇಡ್ಕಂಡು ನಮ್ ಮುತ್ತುರಾಜನ ಬಾಗ್ಲಲ್ಲಿ ನಿಂತ್ಕತಾರಲ್ಲ, ಅವ್ರಾ?" ಎನ್ನುತ್ತಿದ್ದರು. ಆಮೇಲೆ ಅವನು ವಿವರಿಸುವುದನ್ನೇ ಬಿಟ್ಟ.

ಮುಂಗಾರಿಗೆ ಮುಂಚೆ ಹಟ್ಟಿಯಲ್ಲಿ ಕುರಿಗಳಿಗೆಲ್ಲ ಹುಳದ ಔಷಧಿ ಕುಡಿಸುವುದು ವಾಡಿಕೆ. ಅದಕ್ಕೆಂದು ಗೊತ್ತುಮಾಡಿದ ಭಾನುವಾರ ನೆಂಟರಿಷ್ಟರೆಲ್ಲ ಸೇರುತ್ತಾರೆ. ಒಬ್ಬರು ಕುರಿಯ ಬಾಯಿ ಬಿಡಿಸಿ ಹಿಡಿದರೆ ಇನ್ನೊಬ್ಬರು ಪಿಚಕಾರಿಯಲ್ಲಿ ಔಷಧಿ ಬಿಡುತ್ತಾರೆ, ಸಂಜೆಗೆ ಬಾಡೂಟ. ಆ ವರ್ಷವೂ ಬೈರೇಶ ಹೋಗಿದ್ದ, ಮುತ್ತುರಾಜುವೂ ಬಂದಿದ್ದ. ಮುತ್ತುರಾಜು ಹುಣಸೆಮರದ ಕೆಳಗೆ ಮಂಚದ ಮೇಲೆ ಕೂತದ್ದೇ ತಡ, ಕುರಿಗಳನ್ನು ಬಿಟ್ಟು ಜನರೇ ಸಾಲು ನಿಂತರು. ಒಬ್ಬರು ನಾಲಿಗೆ ತೋರಿಸಿದರು, ಒಬ್ಬರು ಮಂಡಿ ತೋರಿಸಿದರು. ತಿಮ್ಮಮ್ಮ ಅಳಿಯನಿಗೆ ಬೆಲ್ಲದ ಪಾನಕ ತಂದುಕೊಟ್ಟಳು. ಬೈರೇಶ ಮಾರು ದೂರದಲ್ಲಿ ನಿಂತಿದ್ದ. ಯಾರೂ ಅವನಿಗೆ ಬೆರಳ ಉಗುರನ್ನೂ ತೋರಿಸಲಿಲ್ಲ.

ಉರಿಯಿತು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡವನಿಗೆ ಬಾಯಿ ಮುಚ್ಚಿಕೊಂಡಿರುವುದು ಕಷ್ಟ. ಅವನು ಹೋಗಿ ಕುರಿ ಔಷಧಿಯ ಬಾಟಲಿಯನ್ನೆತ್ತಿ, ಅದರ ಮೇಲಿನ ಹೆಸರನ್ನು ಓದಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಈ ಬಾಟ್ಲಿಯೊಳಗೆ ಏನೈತೆ ಗೊತ್ತಾ ನಿಮ್ಗೆ? ಆಲ್ಬೆಂಡಜೋಲ್. ಈ ಡಾಕ್ಟ್ರು ನಿಮ್ಗೆ ದೊಡ್ಡದಾಗಿ ಬರ್ಕೊಡ್ತಾರಲ್ಲ ಹುಳದ ಮಾತ್ರೆ, ಅದ್ರೊಳಗೂ ಇದೇ. ಕುರಿಗೂ ಒಂದೇ, ಮನುಷ್ಯಂಗೂ ಒಂದೇ. ಔಷಧಿಯೊಳಗೆ ಏನೈತೆ ಅಂತ ತಿಳಿಯೋದು ಬೇರೆ, ಚೀಟಿ ಬರೆಯೋದು ಬೇರೆ."

ಮುತ್ತುರಾಜು ಮಂಚದ ಮೇಲಿಂದಲೇ, "ಅಂಗಾದ್ರೆ ನಾಳೆಯಿಂದ ನನ್ ಕ್ಲಿನಿಕ್ ಮುಂದೆ ಕುರಿಗಳು ಕ್ಯೂ ನಿಂತ್ಕತವೆ ಬುಡು ಬಾವ" ಎಂದ. ಹಟ್ಟಿಗೆ ಹಟ್ಟಿಯೇ ನಕ್ಕಿತು. ಅಪ್ಪ ಕರಿಯಯ್ಯನೂ ನಕ್ಕ. ಕುರಿಯ ಬಾಯಿ ಹಿಡಿದು ಕೂತಿದ್ದ ಚಿನ್ನಮ್ಮತ್ತೆಯೊಬ್ಬಳೇ ನಗಲಿಲ್ಲ. ಬೈರೇಶ ಊಟಕ್ಕೂ ನಿಲ್ಲದೆ ಕಾರು ಹತ್ತಿ ಹೊರಟುಹೋದ. ಆಮೇಲೆ ಮುತ್ತುರಾಜು ಎಷ್ಟು ಸಲ ಫೋನು ಮಾಡಿದರೂ ಅವನು ಎತ್ತಲಿಲ್ಲ.

ಹೀಗೆ ಮಾತು ಬಿಟ್ಟು ತಿಂಗಳುಗಳು ಕಳೆದಿದ್ದವು. ಒಂದು ಬೆಳಿಗ್ಗೆ ಆಫೀಸಿನಲ್ಲಿ ಕಂಪ್ಯೂಟರ್ ತೆರೆದರೆ, ಕಂಪನಿಯ ಹುಳದ ಮಾತ್ರೆಯ ಮೇಲೆ ಒಂದು ದೂರು ಬಂದಿತ್ತು. ಮಧ್ಯವಯಸ್ಸು ದಾಟಿದ ಹೆಂಗಸು. ಮೂರು ದಿನ ಮಾತ್ರೆ ಕೊಡಲಾಗಿತ್ತು. ವಾರದೊಳಗೆ ಎರಡೂ ಕಣ್ಣು ಮಂಜಾಗಿವೆ, ಈಗ ಬೆಳಕು ನೆರಳು ಬಿಟ್ಟು ಹೆಚ್ಚೇನೂ ಕಾಣುತ್ತಿಲ್ಲ. ರೋಗಿಯ ಹೆಸರನ್ನು ನಿಯಮದ ಪ್ರಕಾರ ಬರೆದಿರಲಿಲ್ಲ. ತಿಳಿಸಿದ ವೈದ್ಯರ ಹೆಸರು ಮಾತ್ರ ಇತ್ತು: ಡಾ. ಮುತ್ತುರಾಜು, ಸೋಲೂರು.

ಬೈರೇಶ ಆ ಹೆಸರನ್ನು ಮತ್ತೆ ಮತ್ತೆ ಓದಿದ. ಯಾರದೋ ಕಣ್ಣು ಹೋಗುತ್ತಿದೆ ಎಂಬುದು ಅವನಿಗೆ ಆಮೇಲೆ ಹೊಳೆಯಿತು. ಮೊದಲು ಹೊಳೆದದ್ದು, ಸಿಕ್ಕಿಬಿದ್ದ ಎಂಬುದು.

ಕೆಲವರ ಮೆದುಳಿನಲ್ಲಿ ಹುಳದ ಗುಳ್ಳೆಗಳಿರುತ್ತವೆ. ಅಂಥವರಿಗೆ ಪರೀಕ್ಷೆ ಮಾಡಿಸದೆ ಈ ಮಾತ್ರೆ ಕೊಟ್ಟರೆ ಗುಳ್ಳೆಗಳು ಕೆರಳಿ ಕಣ್ಣಿಗೂ ಕುತ್ತು ಬರಬಹುದು. ಪುಸ್ತಕದಲ್ಲಿರುವ ಮಾತು ಇದು. ಒಂದು ದಿನಕ್ಕೆ ಸಾಕಾಗುವ ಮಾತ್ರೆಯನ್ನು ಮೂರು ದಿನ ಕೊಟ್ಟಿದ್ದಾನೆ, ತಲೆಯ ಸ್ಕ್ಯಾನ್ ಇಲ್ಲ, ಏನಿಲ್ಲ. ಬೈರೇಶನ ಬೆರಳುಗಳು ಕೀಬೋರ್ಡಿನ ಮೇಲೆ ತಾವಾಗಿ ಓಡಿದವು. 'ಔಷಧಿಯ ದೋಷವಿರುವ ಸಂಭವ ಕಡಿಮೆ. ವೈದ್ಯರ ಅಜಾಗರೂಕತೆಯ ಸಾಧ್ಯತೆ ಹೆಚ್ಚು.' ಎಷ್ಟೋ ವರ್ಷಗಳಲ್ಲಿ ಅವನು ಇಷ್ಟು ಸಂತೋಷದಿಂದ ಕೆಲಸ ಮಾಡಿರಲಿಲ್ಲ.

ಅವನ ಮೇಲಧಿಕಾರಿ ಡಾಕ್ಟರ್ ಹಿನಾ ಚನ್ನಪಟ್ಟಣದವರು. ಹೆಚ್ಚು ಮಾತಿಲ್ಲ, ಆದರೆ ಕಣ್ಣು ಚುರುಕು. ಪಕ್ಕದಲ್ಲಿ ಬಂದು ನಿಂತು ಪರದೆಯನ್ನು ನೋಡಿದರು.

"ಸೋಲೂರು ನಿಮ್ಮ ಕಡೆಯಲ್ವಾ ಬೈರೇಶ್? ಈ ಡಾಕ್ಟರು ನಿಮಗೆ ಪರಿಚಯವಾ? ಪರಿಚಯ ಇದ್ದರೆ ಹೇಳಿ, ಇದನ್ನ ನಾನೇ ನೋಡ್ತೀನಿ."

"ಇಲ್ಲ ಮೇಡಂ. ಆ ಕಡೆ ಯಾರೋ ಇರಬೇಕು."

ಜೊತೆಗೆ ಆಡಿ ಬೆಳೆದ ಭಾವ 'ಯಾರೋ' ಆದ. ಈ ಸುಳ್ಳು ಹೇಳುವಾಗ ಬೈರೇಶನ ನಾಲಿಗೆ ತಡವರಿಸಲೂ ಇಲ್ಲ.

ಹೆಚ್ಚಿನ ವಿವರ ಬೇಕಾದರೆ ಫೋನು ಸಾಕಿತ್ತು. ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಮುತ್ತುರಾಜುವಿನ ಮುಖ ಬಾಡುವುದು ಫೋನಿನಲ್ಲಿ ಕಾಣುವುದಿಲ್ಲವಲ್ಲ. ಬೈರೇಶ ಮಧ್ಯಾಹ್ನವೇ ಕಾರು ತೆಗೆದ. ಮಾಗಡಿ ದಾಟುವವರೆಗೆ ಹೇಳಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿಕೊಂಡ. 'ನೋಡು ಮುತ್ತುರಾಜು, ನಾನು ನಿನ್ನ ಬಾವನಾಗಿ ಬಂದಿಲ್ಲ, ಕಂಪನಿಯ ವೈದ್ಯಾಧಿಕಾರಿಯಾಗಿ ಬಂದಿದೀನಿ.' ಇದು ಅವನಿಗೆ ಬಹಳ ಹಿಡಿಸಿತು. ಗಟ್ಟಿಯಾಗಿ ಇನ್ನೊಮ್ಮೆ ಹೇಳಿದ.

ಸೋಲೂರಿನಲ್ಲಿ ಕ್ಲಿನಿಕ್ಕಿನ ಬಾಗಿಲು ಅರ್ಧ ಎಳೆದಿತ್ತು. ಆದರೂ ಬೆಂಚಿನ ತುಂಬ ಜನ. ಮೆಟ್ಟಿಲ ಮೇಲೆ ಯಾರೋ ಇಟ್ಟುಹೋದ ಬಾಳೆಗೊನೆ, ಪಕ್ಕದಲ್ಲಿ ಎಳನೀರು. ಬೈರೇಶನಿಗೆ ಅವನ ಆಫೀಸಿನಲ್ಲಿ ಹೊಸ ವರ್ಷಕ್ಕೊಂದು ಕ್ಯಾಲೆಂಡರ್ ಸಿಗುತ್ತಿತ್ತು.

"ಡಾಕ್ಟ್ರು ಇಲ್ವಾ?"

"ಮನೇಲವ್ರೆ ಸ್ವಾಮಿ. ಬೆಳಿಗ್ಗೆಯಿಂದ ಬಂದಿಲ್ಲ."

"ಮತ್ತೆ ನೀವ್ಯಾಕೆ ಕೂತಿದೀರ? ಎದುರಿಗೇ ಇನ್ನೊಂದು ಆಸ್ಪತ್ರೆ ಇದೆಯಲ್ಲ."

ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದ ಹೆಂಗಸು ಅವನನ್ನು ವಿಚಿತ್ರವಾಗಿ ನೋಡಿದಳು. "ಅವ್ರು ಬರ್ಲಿ ಬುಡಿ. ಕಾಯ್ತೀವಿ."

ಅರ್ಧ ಎಳೆದ ಬಾಗಿಲನ್ನು ಕಂಡು ಹೊಟ್ಟೆಕಿಚ್ಚು ಪಟ್ಟವನು ಲೋಕದಲ್ಲಿ ಬೈರೇಶನೊಬ್ಬನೇ ಇರಬೇಕು.

ಮನೆ ಕ್ಲಿನಿಕ್ಕಿನ ಹಿಂದೆಯೇ. ಗೇಟು ತೆಗೆಯುವಷ್ಟರಲ್ಲಿ ಮುತ್ತುರಾಜು ಬಾಗಿಲಲ್ಲಿ ಕಾಣಿಸಿಕೊಂಡ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ಅಡ್ಡಾದಿಡ್ಡಿ ಹಾಕಿಕೊಂಡಿದ್ದ. ಬೈರೇಶ ಬಾಯಿಪಾಠ ಮಾಡಿದ ಮಾತು ಬಾಯಿಗೆ ಬರುವ ಮೊದಲೇ ಅವನು ಹೇಳಿದ.

"ಬಂದ್ಯಾ. ಬತ್ತೀಯ ಅಂತ ಗೊತ್ತಿತ್ತು ಕಣ್ಲಾ."

"ಎಂಗ್ ಗೊತ್ತಿತ್ತು?"

"ಆ ಮಾತ್ರೆ ನಿಮ್ ಕಂಪ್ನೀದು, ದೂರು ನಿನ್ನತ್ರಕ್ಕೇ ಬತ್ತದೆ ಅಂತ ಗೊತ್ತಿತ್ತು. ಫೋನ್ ಮಾಡಿದ್ರೆ ಎತ್ತಕಿಲ್ಲ ನೀನು. ಇದಾದ್ರೆ ನನ್ ತಪ್ಪು ಹುಡುಕಕ್ಕಾದ್ರೂ ಓಡ್ ಬತ್ತೀಯ. ನಿನ್ ಹೊಟ್ಟೆಉರಿ ಮ್ಯಾಲೆ ನಂಗೆ ಅಷ್ಟು ನಂಬ್ಕೆ." ಅವನು ನಗಲಿಲ್ಲ. "ಹುಡುಕು. ನನ್ ತಪ್ಪೇ ಇದ್ರೂ ಹುಡುಕ್ಬುಡು. ನಂಗಂತೂ ತಿಳೀತಿಲ್ಲ. ಯಾವ ಡಾಕ್ಟ್ರಿಗೂ ತಿಳೀತಿಲ್ಲ. ಒಳಗೆ ಅವ್ವ ಕೂತವ್ಳೆ."

"ಅವ್ವ ಯಾಕೆ?" ಎಂದು ಕೇಳುವಷ್ಟರಲ್ಲೇ ಬೈರೇಶನಿಗೆ ಅರ್ಥವಾಯಿತು.

ಚಿನ್ನಮ್ಮತ್ತೆ ಹಜಾರದಲ್ಲಿ ಗೋಡೆಗೊರಗಿ ಚಾಪೆಯ ಮೇಲೆ ಕೂತಿದ್ದಳು. ಹಣೆಯ ಕುಂಕುಮ ಹುಬ್ಬಿನ ಮೇಲೆ ಜಾರಿತ್ತು. ಹೆಜ್ಜೆಯ ಸದ್ದಿಗೆ ಮುಖವೆತ್ತಿದಳು. ಕಣ್ಣು ತೆರೆದೇ ಇದ್ದವು, ಆದರೆ ಅವನ ಭುಜದ ಆಚೆ ಎಲ್ಲೋ ನೋಡುತ್ತಿದ್ದವು.

"ಯಾರು? ಬೈರನಾ? ನಡಿಗೆ ನಮ್ಮಣ್ಣಂದೇ ಕಣೋ ನಿಂದು." ಆಮೇಲೆ ಗಾಬರಿಯಿಂದ, "ಮುತ್ತ, ಬೈರಂಗೆ ಏಳ್ಬ್ಯಾಡ ಅಂದಿದ್ನಲ್ಲೋ! ಯಾರು ಏಳಿದ್ದು?"

ಹಟ್ಟಿಯಲ್ಲಿ ಯಾರೂ ಅವನಿಗೆ ಬಾಯಿ ಬಿಟ್ಟಿರಲಿಲ್ಲ. ಹೋದ ವಾರ ಫೋನಿನಲ್ಲಿ ಅವ್ವ, "ನಿಮ್ಮತ್ತೆ ಒಸಿ ಸುಸ್ತಾಗವ್ಳೆ" ಎಂದಷ್ಟೇ ಹೇಳಿ ಮಾತು ಮರೆಸಿದ್ದಳು. ಈಗ ಮುತ್ತುರಾಜು ಹೇಳುತ್ತಾ ಹೋದ. ಅವ್ವನ ಮೈಯಲ್ಲಿ ರಕ್ತ ಕಮ್ಮಿ ಇತ್ತು, ಹೊಟ್ಟೆಯಲ್ಲಿ ಹುಳ ಇತ್ತು, ಅದಕ್ಕೇ ಮೂರು ದಿನದ ಮಾತ್ರೆ. ಕಣ್ಣು ಮಂಜಾದ ಮೇಲೆ ತಲೆಯ ಸ್ಕ್ಯಾನ್ ಮಾಡಿಸಿದ್ದಾನೆ, ಏನೂ ಸಿಕ್ಕಿಲ್ಲ. ನಾಳೆ ಬೆಂಗಳೂರಿಗೆ ಕರೆದೊಯ್ದರೆ ಬೆನ್ನಿನಿಂದ ನೀರು ತೆಗೆದು ನೋಡುತ್ತಾರಂತೆ. ಕಣ್ಣಿನ ನರಕ್ಕೆ ಏಟು ಬಿದ್ದಿದೆ, ಕಾರಣ ಗೊತ್ತಾದರೆ ಉಳಿದದ್ದನ್ನಾದರೂ ಉಳಿಸಬಹುದು ಅನ್ನುತ್ತಾರಂತೆ. ಅಷ್ಟರಲ್ಲಿ ಕ್ಲಿನಿಕ್ಕಿನ ಕಡೆಯಿಂದ ಯಾರೋ ಕೂಗಿದರು. ಮಗುವಿಗೆ ಜ್ವರ ಏರಿದೆಯಂತೆ. "ಒಂದ್ ನಿಮ್ಷ, ಬಂದೆ" ಎಂದು ಮುತ್ತುರಾಜು ಹೊರಗೆ ಹೋದ.

ಬೈರೇಶ ಅತ್ತೆಯ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತ. ಅವಳು ಗಾಳಿಯಲ್ಲಿ ಕೈಯಾಡಿಸಿ ಅವನ ಮುಖವನ್ನು ಹುಡುಕಿಕೊಂಡಳು, ಗಲ್ಲ ಸವರಿದಳು. ಚಿಕ್ಕಂದಿನಲ್ಲಿ ಅವ್ವನ ಏಟು ತಪ್ಪಿಸಿಕೊಂಡು ಅವನು ಓಡಿಬರುತ್ತಿದ್ದದ್ದು ಈ ಕೈಯ ಆಸರೆಗೇ.

"ಅತ್ತೆ, ನಿಜ ಹೇಳು. ಆ ಮಾತ್ರೆ ಬಿಟ್ಟು ಇನ್ನೇನಾದ್ರೂ ತಗೊಂಡ್ಯಾ?"

ಅವಳು ಬಾಗಿಲ ಕಡೆ ಕಿವಿಗೊಟ್ಟಳು. ಮಗ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದಳು.

"ಮಾತ್ರೆ ನಾನು ನುಂಗ್ನೇ ಇಲ್ಲ ಕಣಪ್ಪ. ಅದು ಕಡ್ಲೆಕಾಯಿ ಗಾತ್ರ ಐತೆ, ಗಂಟ್ಲಲ್ಲಿ ಇಳಿಯಾಕಿಲ್ಲ. ನೀನೇ ಅವತ್ತು ಏಳ್ಲಿಲ್ವಾ, ಕುರಿ ಔಸ್ತಿಗೂ ಮಾತ್ರೆಗೂ ಒಂದೇ ಅಂತ? ಅದ್ಕೇ ಕೊಟ್ಟಿಗೇಲಿದ್ದ ಕುರಿ ಔಸ್ತೀನೇ ಕುಡುದೆ."

"ಎಷ್ಟು ಕುಡಿದೆ ಅತ್ತೆ?"

"ಒಂದು ಕುರಿಗೆ ಎಷ್ಟು ಬುಡ್ತೀವೋ ಅದ್ರ ಎರಡರಷ್ಟು. ನಾನು ಎರಡು ಕುರಿ ತೂಕ ಇಲ್ವಾ? ಲೆಕ್ಕ ಆಕ್ದೆ. ಮೂರು ದಿವ್ಸ ಅಂದಿದ್ದ ಮುತ್ತ, ಮೂರು ದಿವ್ಸ ಕುಡುದೆ. ಆಮ್ಯಾಕೆ ಕಣ್ಣು ಮಂಜಾಯ್ತು. ಹುಳ ಸಾಯದೆ ಕಣ್ಣಿಗೆ ಹತ್ತೈತೆ ಅನ್ಕಂಡು ಮೊನ್ನೆ ಇನ್ನೊಂದು ಕಿತ ಕುಡುದೆ. ಅವತ್ತಿಂದ ಪೂರಾ ಮಬ್ಬು." ಅವಳು ಅವನ ಮೊಣಕೈ ಹಿಡಿದುಕೊಂಡಳು. "ಅವತ್ತು ಅಷ್ಟು ಜನ ಇದ್ರು, ಯಾರೂ ನಿನ್ ಮಾತ್ ಕೇಳ್ಲಿಲ್ಲ, ನಗಾಡಿದ್ರು. ನಾನ್ ಕೇಳ್ದೆ. ಮುತ್ತ ಒಳ್ಳೇವ್ನೇ, ಆದ್ರೆ ಯಾರೋ ಮಾಡಿದ್ ಮಾತ್ರೆ ಕೊಡ್ತಾನೆ. ಅದ್ರೊಳಗೆ ಏನೈತೆ ಅಂತ ತಿಳ್ಕಂಡಿರೋನು ನನ್ನಣ್ಣನ ಮಗನೇ ಅಲ್ವಾ?"

ನಾಚಿಕೆಗೇಡಿನ ಮಾತು, ಆದರೂ ಹೇಳಲೇಬೇಕು. ಇದನ್ನು ಕೇಳಿದಾಗ ಬೈರೇಶನಿಗೆ ಮೊದಲು ಆದದ್ದು ಸಂತೋಷ. ಬಿಸಿಲಲ್ಲಿ ಬಂದವನಿಗೆ ಮಜ್ಜಿಗೆ ಸಿಕ್ಕಿದ ಹಾಗೆ ಎದೆಯೆಲ್ಲ ತಂಪಾಯಿತು. ಒಬ್ಬಳು, ಇಡೀ ವಂಶದಲ್ಲಿ ಒಬ್ಬಳಾದರೂ, ಅವನನ್ನು ಡಾಕ್ಟರೆಂದು ನಂಬಿದ್ದಳು. ಅದೂ ಯಾರು? ಮುತ್ತುರಾಜುವಿನ ಹೆತ್ತತಾಯಿ. ಮರುಗಳಿಗೆಯಲ್ಲಿ ಅವಳ ಕಣ್ಣುಗಳು ಅವನನ್ನು ಹುಡುಕುತ್ತಾ ಅವನ ಕಿವಿಯ ಬಳಿ ನಿಂತವು. ಆಗ ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಬಾಟ್ಲಿ ಎಲ್ಲೈತೆ?"

"ಕೊಟ್ಟಿಗೆ ತಡಿಕೆ ಸಂದೀಲಿ. ಬೈರ, ಮುತ್ತಂಗೆ ಏಳ್ಬ್ಯಾಡ. ನಿನ್ ಮ್ಯಾಲೆ ಬತ್ತದೆ. ಅಷ್ಟು ದೊಡ್ಡ ಓದು ಓದೀಯ, ನನ್ನಿಂದ ನಿನ್ ಹೆಸ್ರು ಕೆಡಬಾರ್ದು. ಕಣ್ಣು ಹೆಂಗೋ ಆಯ್ತದೆ ಬುಡು."

ಹಿತ್ತಲ ಕೊಟ್ಟಿಗೆಯಲ್ಲಿ ಬೆರಳೆಣಿಕೆಯಷ್ಟು ಕುರಿಗಳಿದ್ದವು. ಮಗ ಎಷ್ಟು ಹೇಳಿದರೂ ಚಿನ್ನಮ್ಮ ಅವನ್ನು ಬಿಟ್ಟಿರಲಿಲ್ಲ. ತಡಿಕೆಯ ಸಂದಿಯಿಂದ ಬಾಟಲಿ ತೆಗೆದು ಬೆಳಕಿಗೆ ಹಿಡಿದು ಬೈರೇಶ ಓದಿದ. ಹಟ್ಟಿಯಲ್ಲಿ ಅವನು ಓದಿದ ಬಾಟಲಿಯ ಮೇಲೆ ಒಂದೇ ಔಷಧಿಯ ಹೆಸರಿತ್ತು. ಇದರ ಮೇಲೆ ಎರಡಿದ್ದವು. ಆಲ್ಬೆಂಡಜೋಲಿನ ಪಕ್ಕದಲ್ಲಿ ಕ್ಲೋಸಾಂಟೆಲ್. ಕುರಿಯ ಹೊಟ್ಟೆಯ ರಕ್ತ ಹೀರುವ ಹುಳಕ್ಕೆ ಒಳ್ಳೆಯ ಮದ್ದು, ಮನುಷ್ಯರ ಕಣ್ಣಿಗೆ ವಿಷ. ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುರಿ ಔಷಧಿಗಳಲ್ಲಿ ಒಂದೊಂದು ಬಾಟಲಿ ಒಂದೊಂದು ಥರ ಇರುತ್ತದೆ ಎಂಬುದೂ ಗೊತ್ತಿತ್ತು. ಆ ಭಾನುವಾರ ಅದನ್ನೂ ಹೇಳಬಹುದಿತ್ತು. ಆದರೆ ಅವತ್ತು ಅವನಿಗೆ ಬೇಕಾಗಿದ್ದದ್ದು ಮುತ್ತುರಾಜುವನ್ನು ಚಿಕ್ಕವನಾಗಿಸುವುದು, ಅದಕ್ಕೆ ಅರ್ಧ ಮಾತೇ ಸಾಕಾಗಿತ್ತು.

ಕುರಿಗಳ ನಡುವೆ ನಿಂತು ಅವನು ಯೋಚಿಸಿದ. ಬಾಟಲಿಯನ್ನು ತಿಪ್ಪೆಗೆ ಸುರಿದು, ಇನ್ನು ಮುಟ್ಟಬೇಡ ಎಂದು ಅತ್ತೆಗೆ ಹೇಳಿ ಕಾರು ಹತ್ತಿದರೆ ಮುಗಿಯಿತು. ಅತ್ತೆ ಸತ್ತರೂ ಬಾಯಿ ಬಿಡುವವಳಲ್ಲ. ಆಫೀಸಿನಲ್ಲಿ ಬರೆದ ಮಾತು ತಯಾರಾಗಿಯೇ ಇದೆ, ತಪ್ಪು ಮುತ್ತುರಾಜುವಿನದು. ಹಟ್ಟಿಯವರ ಕಣ್ಣಲ್ಲಿ ಅವನು ತಾಯಿಯ ಕಣ್ಣನ್ನೇ ಕಳೆದ ಡಾಕ್ಟರಾಗುತ್ತಾನೆ. ಬೆಂಚು ಖಾಲಿಯಾಗುತ್ತದೆ, ಬಾಳೆಗೊನೆ ನಿಲ್ಲುತ್ತದೆ. ಎಷ್ಟು ವರ್ಷಗಳಿಂದ ಬೇಡಿಕೊಂಡದ್ದು ಕೈಗೇ ಬಂದು ಕೂತಿತ್ತು. ಅದಕ್ಕೆ ಬದಲಾಗಿ ಹೋಗುವುದು ಏನು? ಗಲ್ಲ ಸವರಿದ ಆ ಮುದುಕಿಯ ಉಳಿದ ಅರೆಬೆಳಕು. ಕಾರಣ ಗೊತ್ತಿಲ್ಲದ ಡಾಕ್ಟರುಗಳು ನಾಳೆ ಅವಳ ಬೆನ್ನಿಗೆ ಸೂಜಿ ಹಾಕಿ, ಇಲ್ಲದ ಕಾಯಿಲೆಯನ್ನು ಹುಡುಕುತ್ತಾ ದಿನ ಕಳೆಯುತ್ತಾರೆ.

ಸುಲಭವಾಗಿ ನಿರ್ಧಾರ ಮಾಡಿದ ಎಂದರೆ ಸುಳ್ಳಾಗುತ್ತದೆ. ಅವನು ಬಾಟಲಿಯ ಮುಚ್ಚಳವನ್ನು ತೆಗೆದಿದ್ದ. ತಿಪ್ಪೆಯ ಕಡೆ ಹೆಜ್ಜೆಯನ್ನೂ ಹಾಕಿದ್ದ. ಒಳಗಿನಿಂದ ಏನೋ ಬಿದ್ದ ಸದ್ದಾಯಿತು, ಹಿಂದೆಯೇ ಅತ್ತೆಯ ದನಿ: "ಏನೂ ಆಗ್ಲಿಲ್ಲ, ಚೊಂಬು ಬಿತ್ತು. ಕಾಣ್ಲಿಲ್ಲ." ಅವನು ಮುಚ್ಚಳ ಹಾಕಿದ.

ಮುತ್ತುರಾಜು ಕೈ ಒರೆಸಿಕೊಳ್ಳುತ್ತಾ ಹಿಂದಿರುಗಿದಾಗ ಬೈರೇಶ ಬಾಟಲಿಯನ್ನು ಅವನ ಮುಂದೆ ಹಿಡಿದ.

"ಅತ್ತೆ ನಿನ್ ಮಾತ್ರೆ ನುಂಗಿಲ್ಲ. ಇದನ್ನ ಕುಡಿದವಳೆ. ನಾನು ಅವತ್ತು ಹಟ್ಟೀಲಿ ಒಂದೇ ಅಂದಿದ್ನಲ್ಲ, ಅದನ್ನ ನಂಬ್ಕೊಂಡು. ತಪ್ಪು ನಿಂದಲ್ಲ ಕಣ್ಲಾ. ನಂದು."

"ಬೈರ!" ಎಂದು ಅತ್ತೆ ಕೂಗಿದಳು. "ಸುಮ್ಕಿರೋ!"

ಮುತ್ತುರಾಜು ಬಾಟಲಿಯನ್ನು ಓದಿದ. ಕಪಾಳಕ್ಕೆ ಹೊಡೆಯುತ್ತಾನೆ ಎಂದುಕೊಂಡು ಬೈರೇಶ ಕಾದು ನಿಂತ. ಹೊಡೆದಿದ್ದರೆ ಚೆನ್ನಾಗಿತ್ತು. ಮುತ್ತುರಾಜು ಮೊದಲು ಬೆಂಗಳೂರಿನ ಕಣ್ಣಾಸ್ಪತ್ರೆಗೆ ಫೋನು ಮಾಡಿ ಔಷಧಿಯ ಹೆಸರು ಹೇಳಿದ. ಆ ಕಡೆಯವರು ಏನೋ ಕೇಳಿದರು. ಅವನಿಗೆ ಉತ್ತರ ತಿಳಿಯಲಿಲ್ಲ. ಫೋನನ್ನು ಬೈರೇಶನ ಕೈಗೆ ಕೊಟ್ಟ. ಎಷ್ಟು ಪ್ರಮಾಣ, ಎಷ್ಟು ಸಲ, ಮೈಯಿಂದ ಹೊರಹೋಗಲು ಎಷ್ಟು ಕಾಲ, ಬೇರೆ ದೇಶಗಳಲ್ಲಿ ಹೀಗಾದಾಗ ಏನು ಮಾಡಿದರು ಎಂದು ಬೈರೇಶ ಒಂದೊಂದಾಗಿ ಹೇಳಿದ. "ಬೆನ್ನಿಗೆ ಸೂಜಿ ಬೇಡ, ಈಗಲೇ ಕರೆತನ್ನಿ" ಎಂದರು ಅವರು.

ಫೋನು ಇಟ್ಟ ಮೇಲೆ ಮುತ್ತುರಾಜು ತಾಯಿಯ ಮುಂದೆ ಕೂತ. ಅವನ ದನಿ ಸಣ್ಣ ಹುಡುಗನದಾಗಿತ್ತು.

"ಅವ್ವ, ನಾನು ಕೊಟ್ಟ ಮಾತ್ರೆ ಏನ್ ಮಾಡ್ದೆ?"

"ಗೊಬ್ಬರದ ಗುಂಡಿಗೆ ಎಸುದ್ನಪ್ಪ."

"ನನ್ ಕೇಳ್ಬೌದಿತ್ತಲ್ಲವ್ವ. ಮನೇಲೇ ಇದ್ದೆ. ಇದ ಕುಡೀಲಾ ಅಂತ ಒಂದ್ ಮಾತು."

"ಬೈರ ಏಳಿದ್ನಲ್ಲ ಮಗ. ಅವ್ನು ಏಳಿದ್ ಮ್ಯಾಲೆ ನಿನ್ ಯಾಕೆ ಕೇಳ್ಲಿ?"

ಮುತ್ತುರಾಜು ತಲೆಯೆತ್ತಿ ಬೈರೇಶನನ್ನು ನೋಡಿದ. ಕೋಪ ಇರಲಿಲ್ಲ ಅಲ್ಲಿ. ಬೈರೇಶನಿಗೆ ಆ ನೋಟದ ಗುರುತು ಚೆನ್ನಾಗಿತ್ತು. ಕನ್ನಡಿಯಲ್ಲಿ ದಿನಾ ಕಾಣುತ್ತಿದ್ದದ್ದೇ. ಜಗಲಿಯ ಮೇಲೆ ಕೂತು, ಸೆರಗು ಕೊಡವಿಕೊಂಡು ಹೊರಡುವ ಅವ್ವನನ್ನು ಅವನು ನೋಡುತ್ತಿದ್ದದ್ದೂ ಹೀಗೆಯೇ.

ಆಸ್ಪತ್ರೆಯ ದಾರಿಯಲ್ಲಿ ಬೈರೇಶ ಹಿನಾ ಅವರಿಗೆ ಫೋನು ಮಾಡಿದ. ಸೋಲೂರಿನ ಡಾಕ್ಟರು ತನ್ನ ಸೋದರತ್ತೆಯ ಮಗ, ರೋಗಿ ಸೋದರತ್ತೆ, ಬೆಳಿಗ್ಗೆ ಹೇಳಿದ್ದು ಸುಳ್ಳು ಎಂದ. ಮಾತ್ರೆಯದೂ ತಪ್ಪಿಲ್ಲ, ಡಾಕ್ಟರದೂ ತಪ್ಪಿಲ್ಲ, ಕುಟುಂಬದ ಒಬ್ಬ ವೈದ್ಯನ ಸಲಹೆಯಿಂದ ಆದದ್ದು, ಆ ವೈದ್ಯ ತಾನು ಎಂದ. "ಇನ್ನು ಅದನ್ನ ನೀವು ಮುಟ್ಟಬೇಡಿ, ನಾನು ನೋಡ್ತೀನಿ. ಆಮೇಲಿನ ಮಾತು ನೀವು ಆಫೀಸಿಗೆ ಬಂದ ಮೇಲೆ" ಎಂದು ಹಿನಾ ಇಟ್ಟುಬಿಟ್ಟರು. ಕಾರು ಓಡಿಸುತ್ತಿದ್ದ ಮುತ್ತುರಾಜು ಎಲ್ಲವನ್ನೂ ಕೇಳಿಸಿಕೊಂಡ. ಹಿಂದಿನ ಸೀಟಿನಿಂದ ಚಿನ್ನಮ್ಮ, "ಬೈರನೂ ಬತ್ತಾವ್ನಲ್ಲ?" ಎಂದು ಕೇಳಿದಳು. ನೆಲಮಂಗಲ ದಾಟಿದ ಮೇಲೆ ಮತ್ತೆ ಅದನ್ನೇ ಕೇಳಿದಳು.

ಕೆಲವು ದಿನಗಳ ಮೇಲೆ ಅವಳಿಗೆ ಕಿಟಕಿಯ ಚೌಕಟ್ಟು ಕಾಣತೊಡಗಿತು. ಎದುರಿಗೆ ನಿಂತವರು ಎಷ್ಟು ಜನ ಎಂದು ಹೇಳುತ್ತಿದ್ದಳು, ಯಾರೆಂದು ಹೇಳಲಾಗುತ್ತಿರಲಿಲ್ಲ. ಉಳಿದದ್ದು ಕಾದು ನೋಡಬೇಕು ಎಂದರು ಕಣ್ಣಿನ ಡಾಕ್ಟರು. ಹಟ್ಟಿಯಿಂದ ತಿಮ್ಮಮ್ಮ ಬಂದು ನಾದಿನಿಯ ಕಾಲು ಒತ್ತುತ್ತಾ ಕೂತಳು. ವಿಷಯ ಅವಳಿಗೂ ತಿಳಿದಿತ್ತು. ಮಗನ ಮುಖವನ್ನು ಅವಳು ನೋಡಲಿಲ್ಲ.

ಸಂಜೆ ನರ್ಸು ಬಂದು ಚಿನ್ನಮ್ಮನ ಅಂಗೈಗೆ ಒಂದು ಮಾತ್ರೆ ಹಾಕಿ, ಲೋಟದಲ್ಲಿ ನೀರಿಟ್ಟು ಹೋದಳು. ಮಂಚದ ಒಂದು ಪಕ್ಕದಲ್ಲಿ ಮುತ್ತುರಾಜು, ಇನ್ನೊಂದು ಪಕ್ಕದಲ್ಲಿ ಬೈರೇಶ. ಅವಳಿಗೆ ಕಾಣುತ್ತಿದ್ದದ್ದು ಎರಡು ನೆರಳು. ಅವಳು ಅಂಗೈಯನ್ನು ಎರಡರ ನಡುವೆ ಚಾಚಿದಳು.

"ಬೈರ, ಇದ ನುಂಗ್ಲಾ?"

ಇಷ್ಟು ವರ್ಷ ಅವನು ಕಾದಿದ್ದದ್ದು ಈ ಒಂದು ಮಾತಿಗೆ. ಹೆತ್ತವ್ವನ ಎದುರಿಗೆ, ಮುತ್ತುರಾಜುವಿನ ಎದುರಿಗೆ, ಒಬ್ಬರಾದರೂ ತನ್ನನ್ನು ಹೀಗೆ ಕೇಳಲಿ ಎಂದು. ಆ ಮಾತ್ರೆ ಯಾವುದು, ಅದರೊಳಗೆ ಏನಿದೆ, ಎಷ್ಟು ಹೊತ್ತಿಗೆ ಕರಗುತ್ತದೆ ಎಂದೆಲ್ಲ ಅವನಿಗೆ ನೋಡಿದೊಡನೆ ತಿಳಿದಿತ್ತು. ನುಂಗು ಅತ್ತೆ ಅಂದರೆ ಸಾಕಿತ್ತು, ಅದರಲ್ಲಿ ತಪ್ಪೂ ಇರಲಿಲ್ಲ. ಮುತ್ತುರಾಜು ಗೋಡೆಯ ಕಡೆ ಮುಖ ತಿರುಗಿಸಿದ್ದ.

"ಮುತ್ತುರಾಜನ್ನ ಕೇಳು ಅತ್ತೆ," ಎಂದ ಬೈರೇಶ. "ನಿಂಗೆ ಡಾಕ್ಟ್ರು ಅವ್ನೇ."

ಹೇಳುವಾಗ ಹೊಟ್ಟೆಯೊಳಗಿನ ಹಳೆಯ ಕೆಂಡ ಒಮ್ಮೆ ಭಗ್ಗೆಂದಿತು. ಅದೇನು ಒಂದು ದಿನಕ್ಕೆ ಆರುವಂಥದ್ದಲ್ಲ. ಚಿನ್ನಮ್ಮ ಅಂಗೈಯನ್ನು ನಿಧಾನವಾಗಿ ಇನ್ನೊಂದು ನೆರಳಿನ ಕಡೆಗೆ ತಿರುಗಿಸಿದಳು.

"ಏನ್ಲಾ ಮುತ್ತ, ನುಂಗ್ಲಾ?"

ತಾಯಿಯ ಅಂಗೈ ಹಾಗೇ ಚಾಚಿಕೊಂಡಿತ್ತು. ಮುತ್ತುರಾಜು ಆ ಮಾತ್ರೆಯನ್ನು ಎತ್ತಿಕೊಂಡು ಎರಡು ತುಂಡು ಮಾಡಿದ, ಅವಳ ಗಂಟಲಲ್ಲಿ ಇಳಿಯಲೆಂದು. ಬೈರೇಶ ನೀರಿನ ಲೋಟವನ್ನು ಎತ್ತಿ ಹಿಡಿದುಕೊಂಡು ನಿಂತ.